ಪೌಡರ್ ಫ್ರೀ

"ಕೈತುಂಬ ಸಂಬಳ ಕೊಟ್ರೆ ಬ್ರೆಡ್ಡೊಳಗೆ ಬೆರಳಿಟ್ಟು ಕಳಿಸ್ತೀಯಲ್ಲೋ! ನಿನಗೂ ಹಿಟ್ಟಿನ ಮೂಟೆಗೂ ಏನೋ ವ್ಯತ್ಯಾಸ? ಮೂಟೆಗಾದ್ರೂ ಬಾಯಿ ಕಟ್ಟಿರ್ತಾರೆ!"

ಬ್ರೆಡ್ ಕಾರ್ಖಾನೆಯ ಮಾಲೀಕರು ಈ ಮಾತನ್ನು ತಮ್ಮ ಕೋಣೆಗೆ ಕರೆದು ಹೇಳಬಹುದಿತ್ತು. ಆದರೆ ಇಷ್ಟು ಒಳ್ಳೆಯ ಬೈಗುಳವನ್ನು ಒಬ್ಬನೇ ಒಬ್ಬನ ಮೇಲೆ ಖರ್ಚು ಮಾಡುವುದು ದುಂದುವೆಚ್ಚ. ಆದ್ದರಿಂದ ಯಂತ್ರಗಳನ್ನು ನಿಲ್ಲಿಸಿ, ಪ್ಯಾಕಿಂಗ್ ಹಾಲಿನ ನಟ್ಟನಡುವೆ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಹೇಳಿದರು. ಅವರ ಕೈಯಲ್ಲಿ ಒಂದು ಬ್ರೆಡ್ ಹೋಳು. ಹೋಳಿನೊಳಗಿಂದ ತೆಳು ಪ್ಲಾಸ್ಟಿಕ್ ಗ್ಲೌಸಿನ ತೋರುಬೆರಳೊಂದು ಹೊರಗೆ ಚಾಚಿ, ತಪ್ಪಿತಸ್ಥನನ್ನು ತಾನೇ ಗುರುತಿಸುವಂತೆ, ನೇರವಾಗಿ ಸ್ಟೋರಿನವನ ಎದೆಯನ್ನು ತೋರಿಸುತ್ತಿತ್ತು.

ಸ್ಟೋರಿನವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಅದು ಸಂಬಳದ ಪಟ್ಟಿಯಲ್ಲಿ ಮಾತ್ರ ಬದುಕಿತ್ತು. ಕಾರ್ಖಾನೆಯವರೆಲ್ಲ ಕರೆಯುತ್ತಿದ್ದುದು ಗೊತ್ತಪ್ಪ ಎಂದು. ಯಾರು ಏನು ಹೇಳಹೊರಟರೂ ಅರ್ಧ ಮಾತಿಗೇ "ಗೊತ್ತು, ಗೊತ್ತು" ಎನ್ನುವುದು ಅವನ ರೂಢಿ. ಗೊತ್ತಿಲ್ಲ ಎಂದವರನ್ನು ಈ ಲೋಕ ಏನು ಮಾಡುತ್ತದೆಂದು ಶಾಲೆ ಬಿಟ್ಟ ವಯಸ್ಸಿನಲ್ಲೇ ಅವನು ಕಂಡಿದ್ದ. ಅರ್ಧ ಆಯುಷ್ಯ ಬೆನ್ನ ಮೇಲೆ ಮೈದಾ ಮೂಟೆ ಹೊತ್ತು, ಬೆನ್ನು ಇನ್ನು ಆಗದು ಎಂದಾಗ ಅವನಿಗೆ ಸ್ಟೋರು ಸಿಕ್ಕಿತ್ತು. ಒಂದು ಕುರ್ಚಿ, ಕುರ್ಚಿಯ ತಲೆಯ ಮೇಲೆ ಒಂದು ಫ್ಯಾನು. ರಾಜ್ಯಗಳಿಗಾಗಿ ಯುದ್ಧ ಮಾಡಿದವರಿಗೆ ಕೂಡ ಫ್ಯಾನು ಇರಲಿಲ್ಲ ಎಂಬುದನ್ನು ನಾವು ಮರೆಯಬಾರದು.

ಈಗ ಆ ಕುರ್ಚಿಗೇ ಕುತ್ತು ಬಂದಿತ್ತು. ಬೆರಳು ಸಿಕ್ಕ ಗಿರಾಕಿ ದೂರು ಕೊಟ್ಟಿದ್ದ. ಆಹಾರ ತಪಾಸಣೆಯ ಅಧಿಕಾರಿ ಬರುವವರಿದ್ದರು.

"ಅವರು ಬರೋ ಹೊತ್ತಿಗೆ ಎಲ್ಲರ ಕೈಯಲ್ಲೂ ಸರಿಯಾದ ಗ್ಲೌಸ್ ಇರ್ಬೇಕು. ಇಲ್ದಿದ್ರೆ ಆ ಕುರ್ಚಿ ಬಿಟ್ಟು ಮತ್ತೆ ಮೂಟೆ ಹೊರು," ಎಂದರು ಮಾಲೀಕರು.

"ಗೊತ್ತು ಸಾರ್, ಗೊತ್ತು."

ಮುಟ್ಟಿದರೆ ಹರಿಯುವ ಆ ಗ್ಲೌಸನ್ನೇ ತಾ, ಅಗ್ಗವಾಗಿ ಸಿಗುತ್ತದೆ ಎಂದು ಅಪ್ಪಣೆ ಕೊಡಿಸಿದವರು ಯಾರು ಎಂಬುದನ್ನು ಯಾರೂ ಕೇಳಲಿಲ್ಲ. ಅಂಥ ಪ್ರಶ್ನೆಗಳು ಸಂಬಳ ಪಡೆಯುವ ಬಾಯಿಗೆ ಬರುವುದಿಲ್ಲ.

ಗ್ಲೌಸಿನ ಅಂಗಡಿಯಲ್ಲಿ ಗೋಡೆಯುದ್ದಕ್ಕೂ ಡಬ್ಬಗಳು. ಹಾಕಿ ಬಿಸಾಡುವ ಒಂದು ವಸ್ತುವಿನಲ್ಲಿ ಇಷ್ಟು ಜಾತಿ ಇರಬಹುದೆಂದು ಗೊತ್ತಪ್ಪನಿಗೆ ಗೊತ್ತಿರಲಿಲ್ಲ. ಅದನ್ನು ಮುಖದ ಮೇಲೆ ಬಿಟ್ಟುಕೊಡದೆ, ಒಂದು ಡಬ್ಬವನ್ನು ಕೈಗೆತ್ತಿಕೊಂಡು, ತೂಕ ನೋಡಿ, ಮೂಸಿ, ಕೆಳಗಿಟ್ಟ.

"ಇದು ಲೇಟೆಕ್ಸ್," ಎಂದ ಅಂಗಡಿಯವನು, "ಕೈಗೆ ಚೆನ್ನಾಗಿ ಹಿಡಿಯತ್ತೆ, ಆದ್ರೆ ಕೆಲವರಿಗೆ ತುರಿಕೆ. ಇದು ವಿನೈಲು, ಸಡಿಲ, ಬೇಗ ಸೀಳತ್ತೆ. ನಿಮಗೆ ಆಗೋದು ಇದು, ನೈಟ್ರೈಲು. ನೀಲಿ ಬಣ್ಣ. ಅಕಸ್ಮಾತ್ ಹರಿದ್ರೂ ಹಿಟ್ಟಲ್ಲಿ ಎದ್ದು ಕಾಣತ್ತೆ."

"ಗೊತ್ತು, ಗೊತ್ತು. ನೈಟ್ ಪಾಳಿಗೆ ಇದಾಯ್ತು. ಹಗಲು ಪಾಳಿಗೆ ಯಾವ್ದು?"

ಅಂಗಡಿಯವನು ಬಗ್ಗಿ ಕೌಂಟರಿನ ಕೆಳಗೆ ಏನನ್ನೋ ಹುಡುಕುವವನಂತೆ ಹೊಟ್ಟೆ ಹಿಡಿದುಕೊಂಡು ನಕ್ಕ. ಪಕ್ಕದಲ್ಲಿದ್ದ ಇಬ್ಬರು ಗಿರಾಕಿಗಳು ಏನನ್ನೂ ಹುಡುಕದೆ ನೇರವಾಗಿಯೇ ನಕ್ಕರು. ಗೊತ್ತಪ್ಪನ ಕಿವಿ ಕೆಂಪಾಯಿತು. ಇನ್ನು ಈ ಅಂಗಡಿಯಲ್ಲಿ ತಲೆ ಹೋದರೂ ಪ್ರಶ್ನೆ ಕೇಳಕೂಡದು ಎಂದು ಅವನು ನಿಶ್ಚಯಿಸಿದ. ಮುಂದೆ ನಡೆದದ್ದಕ್ಕೆಲ್ಲ ಈ ನಿಶ್ಚಯವೇ ಮೂಲ.

"ಹಗಲಿಗೂ ಅದೇ ಅಣ್ಣಾ," ಎಂದು ಕಣ್ಣೊರೆಸಿಕೊಂಡ ಅಂಗಡಿಯವನು. "ಇನ್ನೊಂದು ಮಾತು. ಇದರಲ್ಲಿ ಎರಡು ಥರ ಇದೆ. ಒಂದು ಪೌಡರ್ ಇರೋದು, ಇನ್ನೊಂದು ಪೌಡರ್ ಫ್ರೀ. ತಿನ್ನೋ ಪದಾರ್ಥ ಮುಟ್ಟೋರಿಗೆ ಪೌಡರ್ ಫ್ರೀನೇ ಆಗ್ಬೇಕು. ರೂಲೇ ಇದೆ."

ಪೌಡರ್ ಫ್ರೀ! ಅದೂ ರೂಲು!

ಗೊತ್ತಪ್ಪ ಉಸಿರು ಬಿಗಿಹಿಡಿದ. ಯೋಚಿಸಿದಷ್ಟೂ ಅದು ನ್ಯಾಯವಾಗಿಯೇ ಕಂಡಿತು. ಓವನ್ನಿನ ಮುಂದೆ ಬೇಯುವವರಿಗೆ ಮೈಯೆಲ್ಲ ಬೆವರುಸಾಲೆ. ಅದಕ್ಕೆ ಪೌಡರ್ ಅಲ್ಲದೆ ಮತ್ತೇನು ಮದ್ದು? ಯಾರೋ ಪುಣ್ಯಾತ್ಮ ಮೇಲೆ ಕೂತು ಇದನ್ನು ಯೋಚಿಸಿ, ಗ್ಲೌಸ್ ಕೊಂಡವರಿಗೆ ಪೌಡರನ್ನು ಪುಕ್ಕಟೆ ಕೊಡಬೇಕೆಂದು ಕಾನೂನನ್ನೇ ಮಾಡಿಬಿಟ್ಟಿದ್ದಾನೆ. ಹೀಗಿರುವಾಗ ದುಡ್ಡು ಕೊಟ್ಟು ಪೌಡರ್ ಇರೋದನ್ನು ಕೊಳ್ಳುವ ಮುಠ್ಠಾಳ ಯಾರು?

"ಫ್ರೀದೇ ಕೊಡಿ. ಎಲ್ಲ ಡಬ್ಬಾನೂ ಫ್ರೀದೇ ಇರ್ಲಿ," ಎಂದ, ಅಂಗಡಿಯವನು ಎಲ್ಲಿ ಮನಸ್ಸು ಬದಲಾಯಿಸುತ್ತಾನೋ ಎಂದು ದನಿ ತಗ್ಗಿಸಿ.

"ಮೂರು ದಿನದಲ್ಲಿ ಮಾಲು ಬರತ್ತೆ. ಈ ಡಬ್ಬ ಸ್ಯಾಂಪಲ್ಲಿಗೆ ಇಟ್ಕೊಳ್ಳಿ."

ಕಾರ್ಖಾನೆಗೆ ಬಂದವನೇ ಆ ಡಬ್ಬವನ್ನು ಮ್ಯಾನೇಜರನ ಮುಂದಿಟ್ಟ. ಮ್ಯಾನೇಜರ್ ಮಾಲೀಕರ ಭಾಮೈದ, ಹೆಸರಿನ ಹಿಂದೆ ಬಾಲದಷ್ಟು ಉದ್ದ ಡಿಗ್ರಿ ಇದ್ದವನು. ಫೋನಿನಿಂದ ಕಣ್ಣು ಕೀಳದೆ ಡಬ್ಬವನ್ನು ತಿರುಗಿಸಿದ.

"ಪೌಡರ್ ಫ್ರೀ ಅಂತ ಬರೆದಿದೆಯಾ ಸಾರ್?"

"ಹೂಂ, ಬರೆದಿದೆ. ಪೌಡರ್ ಫ್ರೀ."

"ದೊಡ್ಡ ಅಕ್ಷರದಲ್ಲೇ ಬರೆದಿದೆಯಾ ಸಾರ್?"

"ದೊಡ್ಡ ಅಕ್ಷರದಲ್ಲೇ ಇದೆ, ಹೋಗಯ್ಯ."

ಓದಿದವರೇ ಓದಿ ಹೇಳಿದ ಮೇಲೆ ಇನ್ನೇನು? ಸಂಜೆಯೊಳಗೆ ಸುದ್ದಿ ಪ್ಯಾಕಿಂಗ್ ಹಾಲು ದಾಟಿ ಲೋಡಿಂಗ್ ಕಟ್ಟೆಗೂ ಹೋಯಿತು. ಪ್ಯಾಕಿಂಗ್ ಹೆಂಗಸರಿಗೆಲ್ಲ ಹಿರಿಯಳಾದ ದೊಡ್ಡಕ್ಕ ಸ್ಟೋರಿನ ಬಾಗಿಲಿಗೇ ಬಂದು ನಿಂತಳು. ಆ ಕಾರ್ಖಾನೆಯಲ್ಲಿ ಆವತ್ತಿನವರೆಗೆ ಕೆಲಸದವರಿಗೆ ಫ್ರೀಯಾಗಿ ಸಿಕ್ಕಿದ್ದು ಬೈಗುಳವೊಂದೇ. ಹಾಗಾಗಿ ಅವಳು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

"ತಲೆಗೊಂದು ಡಬ್ಬಿ ಪೌಡರ್ರಾ ಗೊತ್ತಪ್ಪಾ?"

"ತಲೆಗೊಂದು."

"ಘಮಘಮ ಅನ್ನೋದಾ, ಇಲ್ಲಾ ಸುಣ್ಣದ ಪುಡಿಯಾ?"

"ರೂಲು ಮಾಡಿ ಕೊಡೋದು ಅಕ್ಕಾ, ಸುಣ್ಣ ಕೊಡ್ತಾರಾ?"

ಹಿಟ್ಟು ಕಲಸುವ ಮೇಸ್ತ್ರಿ ಮೂಲೆಯಿಂದ ಕೂಗಿದ. "ನನಗೆ ಎರಡು ಬೇಕಪ್ಪಾ! ನನ್ನ ಮೈ ನೋಡು, ಒಂದು ಡಬ್ಬಿ ಒಂದು ಕಂಕುಳಿಗೂ ಸಾಲಲ್ಲ!"

ಮನೆಯಲ್ಲಿ ಗೊತ್ತಪ್ಪ ಈ ವಿಷಯವನ್ನು ಊಟಕ್ಕೆ ಕೂತಾಗ, ಏನೂ ದೊಡ್ಡದಲ್ಲವೆಂಬಂತೆ ಹೇಳಿದ. ಹೆಂಡತಿ ಅವನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಬಡಿಸಿದಳು. ಅತ್ತೆ ತುತ್ತು ನಿಲ್ಲಿಸಿ ಕೇಳಿಸಿಕೊಂಡರು. ಮಗಳ ಮನೆಯಲ್ಲಿ ಇರಬೇಕಾಗಿ ಬಂದ ದಿನದಿಂದ ಅವರಿಗೆ ಅಳಿಯನ ಬಗ್ಗೆ ಹೊಗಳಲು ಒಂದೇ ಒಂದು ವಿಷಯವೂ ಸಿಕ್ಕಿರಲಿಲ್ಲ. ಸಿಕ್ಕಿದ್ದನ್ನು ಬಿಡುವುದುಂಟೇ? ಮರುದಿನ ಮೆಟ್ಟಿಲ ಮೇಲೆ ನೆರೆಮನೆಯವಳು ಎದುರಾದಾಗ ಅವರು ಹೇಳಿದ್ದು ಇಷ್ಟೇ: "ನಮ್ಮ ಅಳಿಯಂದಿರು ಚೀಲದ ತುಂಬ ಪೌಡರ್ ತಂದು ಇಟ್ಟಿದಾರಮ್ಮ. ಇಡೋಕೆ ಜಾಗ ಇಲ್ಲ. ಮಂಚದ ಕೆಳಗೆಲ್ಲ ಅದೇ."

ನೆರೆಮನೆಯವಳು ದೊಡ್ಡಕ್ಕನ ಸ್ವಂತ ನಾದಿನಿ. ಕಟ್ಟಡಗಳನ್ನು ಇಷ್ಟು ಒತ್ತೊತ್ತಾಗಿ ಕಟ್ಟಬಾರದು.

ಮಾಲು ಬಂತು. ಹೆಂಗಸರು ಕೈ ಒರೆಸಿಕೊಂಡು ಸುತ್ತ ನೆರೆದರು. ಮೊದಲ ಡಬ್ಬ ತೆರೆದರೆ ನೀಲಿ ಗ್ಲೌಸು. ಎರಡನೆಯದರಲ್ಲೂ ನೀಲಿ ಗ್ಲೌಸು. "ಕೆಳಗೆ ನೋಡ್ರೇ, ತಳದಲ್ಲಿ ಇಟ್ಟಿರ್ತಾರೆ," ಎಂದು ಎಲ್ಲ ಡಬ್ಬಗಳನ್ನೂ ಬೋರಲು ಹಾಕಿದರು. "ಬೆರಳೊಳಗೆ ತುಂಬಿರ್ತಾರೇನೋ," ಎಂದು ಗ್ಲೌಸುಗಳನ್ನು ತಿರುವಿಹಾಕಿ ಊದಿದರು. ಹಾಲಿನ ತುಂಬ ನೀಲಿ ಕೈಗಳು ಉಬ್ಬಿ ನಿಂತು ಟಾಟಾ ಮಾಡಿದವೇ ಹೊರತು ಪೌಡರಿನ ಒಂದು ಕಣವೂ ಉದುರಲಿಲ್ಲ.

ದೊಡ್ಡಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಎಲ್ಲಿ?"

"ಬ... ಬರತ್ತೆ. ಬೇರೆ ಗಾಡೀಲಿ ಬರತ್ತೆ."

"ಆಗ್ಲೇ ಬಂದಾಯ್ತಂತೆ. ನಿನ್ನ ಮಂಚದ ಕೆಳಗೆ ಇದೆಯಂತೆ. ನಿನ್ನ ಅತ್ತೇನೇ ನಮ್ಮ ನಾದಿನಿಗೆ ಹೇಳಿದಾರೆ. ಇನ್ನು ಯಾರ ಕಣ್ಣಿಗೆ ಮಣ್ಣು ಎರಚ್ತೀಯ?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ!" ಎಂದ ಮೇಸ್ತ್ರಿ. "ನೋಡ್ರೋ, ಹೆಗಲ ಮೇಲೆ ಬೆಳ್ಳಗೆ!"

ಗೊತ್ತಪ್ಪ ಗಾಬರಿಯಿಂದ ಹೆಗಲು ಮುಟ್ಟಿಕೊಂಡ. ಬೆಳ್ಳಗೇ ಇತ್ತು. ಮೇಸ್ತ್ರಿಯ ಹೆಗಲೂ ಬೆಳ್ಳಗಿತ್ತು, ದೊಡ್ಡಕ್ಕನದೂ ಬೆಳ್ಳಗಿತ್ತು, ಬಾಗಿಲಲ್ಲಿ ಮಲಗಿದ್ದ ನಾಯಿಯದೂ ಬೆಳ್ಳಗಿತ್ತು. ಮೈದಾ ಹಾರುವ ಜಾಗದಲ್ಲಿ ಈ ಗಾದೆಯಿಂದ ಕಳ್ಳನನ್ನು ಹಿಡಿಯಹೊರಟರೆ ಊರಿಗೆ ಊರನ್ನೇ ಜೈಲಿಗೆ ಹಾಕಬೇಕು. ಆದರೆ ಮುಟ್ಟಿಕೊಂಡವನು ಅವನೊಬ್ಬನೇ. ನ್ಯಾಯ ಅಲ್ಲಿಗೆ ತೀರ್ಮಾನವಾಯಿತು.

ಮನೆಗೆ ಓಡಿದ.

"ಅತ್ತೇ, ನಾನ್ಯಾವಾಗ ತಂದಿಟ್ಟೆ ಪೌಡರ್ನ?"

"ತರ್ತೀನಿ ಅಂದ್ರಲ್ಲ," ಎಂದರು ಅತ್ತೆ, ನೆಮ್ಮದಿಯಾಗಿ. "ಗಂಡಸು ತರ್ತೀನಿ ಅಂದ್ಮೇಲೆ ತಂದ ಹಾಗೇ ತಾನೆ? ತಂದಿಲ್ಲ ಅನ್ನೋಕೆ ನಾನೇನು ನಿಮ್ಮ ಶತ್ರುನಾ?"

"ಹೇಳೇ ನಿಮ್ಮಮ್ಮನಿಗೆ!" ಎಂದು ಹೆಂಡತಿಯ ಕಡೆ ತಿರುಗಿದ.

ಹೆಂಡತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ರೂಲಿದೆ ಅಂದ್ರಿ. ದೊಡ್ಡಕ್ಷರದಲ್ಲಿ ಬರೆದಿದೆ ಅಂದ್ರಿ. ಕಾರ್ಖಾನೇಲಿ ಇಲ್ಲ, ಮನೇಲೂ ಇಲ್ಲ. ಹಾಗಾದ್ರೆ ಇನ್ಯಾವಳ ಮುಖಕ್ಕೆ ಬಳಿದು ಬಂದ್ರಿ?"

ಮನೆಯಲ್ಲಿ ಮಂಚದ ಕೆಳಗೆ ಹುಡುಕಿಸಿದ್ದು, ಅಲ್ಲಿ ಒಂದು ಹಳೆಯ ಚಪ್ಪಲಿ ಬಿಟ್ಟು ಬೇರೇನೂ ಸಿಗದಿದ್ದುದು, ಅದರಿಂದ ಅನುಮಾನ ಇನ್ನೂ ಬಲವಾದದ್ದು, ಇದನ್ನೆಲ್ಲ ವಿವರಿಸಹೋದರೆ ಸಂಸಾರಸ್ಥರಿಗೆ ಬೇಸರವಾದೀತು.

ಮಾರನೆಯ ಬೆಳಿಗ್ಗೆ ಪ್ಯಾಕಿಂಗ್ ಹಾಲಿನಲ್ಲಿ ಒಬ್ಬರೂ ಗ್ಲೌಸ್ ಹಾಕಲಿಲ್ಲ. "ಪೌಡರ್ ಮೊದಲು, ಗ್ಲೌಸ್ ಆಮೇಲೆ," ಎಂದು ದೊಡ್ಡಕ್ಕ ಕಾಲು ಚಾಚಿ ಕೂತಳು. ಕೆಲಸ ನಿಂತಿತು. ಮಾಲೀಕರು ಅಂಗಡಿಯವನಿಗೆ ಹೇಳಿಕಳಿಸಿದರು. ಅಂಗಡಿಯವನ ಬೆನ್ನಿಗೇ, ಕರೆದವರಂತೆ, ತಪಾಸಣೆಯ ಅಧಿಕಾರಿಯೂ ಬಂದರು.

ಅಧಿಕಾರಿಗಳೆಂದರೆ ಅಧಿಕಾರಿಗಳೇ. ಹೊಟ್ಟೆ ಮೊದಲು ಒಳಗೆ ಬಂತು, ಫೈಲು ಆಮೇಲೆ. ಮಾಲೀಕರ ಕೋಣೆಯಲ್ಲಿ ಅವರನ್ನು ಫ್ಯಾನಿನ ಕೆಳಗೆ ಕೂರಿಸಿ, ಟೀ ತರಿಸಿದರು.

"ಸಕ್ಕರೆ ಬೇಡ. ನನಗೆ ಶುಗರ್ ಇದೆ," ಎಂದರು ಅಧಿಕಾರಿ.

"ಅಯ್ಯೋ, ನಮಗೆ ಗೊತ್ತಿಲ್ವಾ ಸಾರ್?" ಎನ್ನುತ್ತ ಮಾಲೀಕರು ತಮ್ಮ ಕಾರ್ಖಾನೆಯ ಹೆಮ್ಮೆಯಾದ ಬಿಸ್ಕತ್ತಿನ ಪೊಟ್ಟಣವೊಂದನ್ನು ಒಡೆದು ತಟ್ಟೆಗೆ ಸುರಿದರು. "ಶುಗರ್ ಫ್ರೀ. ತಮ್ಮಂಥೋರಿಗೇಂತಲೇ ಮಾಡೋದು."

"ಹೌದ್ರೀ, ಇದು ನಿಮ್ಮದೇನಾ? ಎರಡು ತಿಂಗಳಿಂದ ಇದನ್ನೇ ತಿಂತಾ ಇದೀನಿ. ಸಕ್ಕರೆ ಇಲ್ದೇನೂ ಎಷ್ಟು ರುಚಿ!" ಎಂದು ಅವರು ಎರಡೆರಡೇ ಎತ್ತತೊಡಗಿದರು.

ಅಷ್ಟರಲ್ಲಿ ದೊಡ್ಡಕ್ಕ, ಮೇಸ್ತ್ರಿ, ಹಿಂದೆ ಹೆಂಗಸರ ಹಿಂಡು, ನಡುವೆ ಸೆರೆಸಿಕ್ಕವನಂತೆ ಗೊತ್ತಪ್ಪ, ಎಲ್ಲ ಕೋಣೆಯೊಳಗೆ ನುಗ್ಗಿದರು. ಸಮಯ ಸಂದರ್ಭ ನೋಡದೆ ದೊಡ್ಡಕ್ಕ ಗೋಡೆಗೊರಗಿ ನಿಂತಿದ್ದ ಅಂಗಡಿಯವನನ್ನು ಹಿಡಿದುಕೊಂಡಳು.

"ಏನಯ್ಯಾ, ಪೌಡರ್ ಕಳಿಸಿದ್ಯೋ ಇಲ್ವೋ?"

"ಅಮ್ಮಾ, ಅದು ಪೌಡರ್ ಫ್ರೀ. ಅಂದ್ರೆ ಪೌಡರ್ ಇಲ್ಲ."

"ಇಲ್ಲ ಅನ್ನೋದು ನಮಗೂ ಕಾಣ್ತಾ ಇದೆ! ಎಲ್ಲಿ ಹೋಯ್ತು ಅಂತ ಕೇಳ್ತಿರೋದು!"

"ಎಲ್ಲೂ ಹೋಗಿಲ್ಲ. ಮೊದಲಿಂದಾನೂ ಇಲ್ಲ. ಇಲ್ಲ ಅನ್ನೋದಕ್ಕೇ ಫ್ರೀ ಅನ್ನೋದು."

"ಕೇಳ್ರೇ ಇವನ ಮಾತು! ಬಕೆಟ್ ಕೊಂಡ್ರೆ ಚೊಂಬು ಫ್ರೀ ಅಂದ್ರೆ ಚೊಂಬು ಇಲ್ಲ ಅಂತಾನಾ?"

"ಅದು ಬೇರೆ ಫ್ರೀ ಅಮ್ಮಾ, ಇದು ಬೇರೆ ಫ್ರೀ!"

"ಕೊಡೋವಾಗ ಒಂದು ಫ್ರೀ, ಕೇಳೋವಾಗ ಇನ್ನೊಂದು ಫ್ರೀನಾ?"

ಅಂಗಡಿಯವನು ಹಣೆ ಒರೆಸಿಕೊಂಡು ಸುತ್ತ ನೋಡಿದ. ಮೇಜಿನ ಮೇಲೆ ಒಡೆದ ಬಿಸ್ಕತ್ತಿನ ಪೊಟ್ಟಣ ಕಣ್ಣಿಗೆ ಬಿತ್ತು. ಮುಳುಗುವವನು ಹುಲ್ಲುಕಡ್ಡಿಯನ್ನು ಹಿಡಿಯುವಂತೆ ಅದನ್ನು ಎತ್ತಿಹಿಡಿದ. "ನೋಡಿ, ನಿಮ್ಮಲ್ಲೇ ಇದೆಯಲ್ಲ! ಶುಗರ್ ಫ್ರೀ ಬಿಸ್ಕತ್ತು. ಅಂದ್ರೆ ಏನು? ಇದರಲ್ಲಿ ಸಕ್ಕರೆ ಇಲ್ಲ. ಹಾಗೇನೇ ಪೌಡರ್ ಫ್ರೀ ಅಂದ್ರೆ ಪೌಡರ್ ಇಲ್ಲ."

ಗೊತ್ತಪ್ಪನ ಮುಖ ಅರಳಿತು. ಅವನ ಜೀವಮಾನದಲ್ಲಿ ಮೊದಲ ಬಾರಿ ಒಂದು ವಿಷಯ ಅವನಿಗೆ ಪೂರ್ತಿ ಅರ್ಥವಾಗಿತ್ತು. ಆ ಸುಖ ಒಂದು ಗುಟುಕು ಟೀ ಕುಡಿಯುವಷ್ಟು ಹೊತ್ತು ಇತ್ತು.

"ಯಾರ್ರೀ ಹೇಳಿದ್ದು ಸಕ್ಕರೆ ಇಲ್ಲಾಂತ?" ಎಂದು ಮೇಸ್ತ್ರಿ ಗುಡುಗಿದ. ಅವನ ಕಸುಬಿಗೇ ಅವಮಾನವಾಗಿತ್ತು. "ದಿನಾ ಈ ಕೈಯಾರೆ ಸುರೀತೀನಿ ನಾನು! ಮೂಟೆ ಮೂಟೆ! ಪೊಟ್ಟಣದ ಮೇಲೆ ಫ್ರೀ ಅಂತ ಬರೆದ್ಮೇಲೆ ಹಾಕದೆ ಇರೋಕಾಗತ್ತಾ? ಜನಕ್ಕೆ ಮೋಸ ಅಲ್ವಾ? 'ಇದಕ್ಕೆ ಒಂದು ಹಿಡಿ ಜಾಸ್ತೀನೇ ಹಾಕು, ಗಿರಾಕಿ ಬಿಡಬಾರದು' ಅಂತ ಮಾಲೀಕರೇ ಹೇಳಿದಾರೆ. ಹೇಳಿ ಸಾರ್, ನೀವೇ ಹೇಳಿ!"

ಅಧಿಕಾರಿಯ ಬಾಯಿ ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿತು. ಅವರು ತಟ್ಟೆಯನ್ನು ನೋಡಿದರು. ತಟ್ಟೆ ಖಾಲಿಯಾಗಿತ್ತು.

"ಅದಕ್ಕೇ!" ಎಂದರು ಅಧಿಕಾರಿ, ಬಿಸ್ಕತ್ತಿನ ಪುಡಿ ಸಿಡಿಸುತ್ತ. "ಎರಡು ತಿಂಗಳಿಂದ ಡಾಕ್ಟರು ಮಾತ್ರೆ ಬದಲಾಯಿಸ್ತಾನೇ ಇದಾರೆ, ಬದಲಾಯಿಸ್ತಾನೇ ಇದಾರೆ! ನನ್ನ ಹೆಂಡತಿ ನಾನು ಕದ್ದು ತಿಂತೀನಿ ಅಂತ ಪಕ್ಕದಲ್ಲೇ ಮಲಗಿ ಕಾಯ್ತಾಳೆ! ಏನ್ರೀ ಇದು? ನಿಮ್ಮ ಕಾರ್ಖಾನೇಲಿ ಫ್ರೀ ಅಂದ್ರೆ ಏನ್ರೀ? ನನಗೆ ಈಗಲೇ ಬರಹದಲ್ಲಿ ಬೇಕು!"

ಫೈಲು ತೆರೆಯಿತು. ಪೆನ್ನು ಹೊರಬಂತು. ಕಷ್ಟ ಬಂದಾಗ ಬಡವನಿಗೆ ದೇವರು ನೆನಪಾದರೆ ಉಳ್ಳವನಿಗೆ ವ್ಯಾಕರಣ ನೆನಪಾಗುತ್ತದೆ. ಮಾಲೀಕರು ಕೈ ಜೋಡಿಸಿದರು.

"ಸಾರ್, ಫ್ರೀ ಅಂದ್ರೆ ಉಚಿತ. ಚಿಕ್ಕ ಮಕ್ಕಳಿಗೂ ಗೊತ್ತು. ಬಿಸ್ಕತ್ತಿಗೆ ಮಾತ್ರ ದುಡ್ಡು, ಸಕ್ಕರೆಗೆ ನಾವು ತಗೊಳ್ಳಲ್ಲ. ಧರ್ಮಕ್ಕೆ ಹಾಕ್ತೀವಿ. ಇದರಲ್ಲಿ ಮೋಸ ಎಲ್ಲಿ ಬಂತು ಸಾರ್?"

ಅಧಿಕಾರಿ ಅವರನ್ನೇ ದಿಟ್ಟಿಸಿದರು. "ಹಾಗೋ? ಫ್ರೀ ಅಂದ್ರೆ ಜೊತೇಲಿ ಕೊಡೋದು. ಹಾಗಾದ್ರೆ ಗ್ಲೌಸ್ ಜೊತೆ ಪೌಡರ್ ಬಂದಿರ್ಬೇಕಲ್ಲ?"

"ಅದನ್ನೇ ಅಲ್ವಾ ಸ್ವಾಮಿ ನಾವು ಬಾಯಿ ಬಡ್ಕೋತಿರೋದು!" ಎಂದಳು ದೊಡ್ಡಕ್ಕ.

ಮಾಲೀಕರು ಅಂಗಡಿಯವನ ಕಡೆ ತಿರುಗಿದರು. "ಬಂದಿತ್ತು ಅಲ್ವೇನ್ರೀ? ಇನ್ನು ಮೇಲೆ ನಮ್ಮ ಗ್ಲೌಸೆಲ್ಲ ನಿಮ್ಮಲ್ಲೇ ತಗೊಳ್ಳೋದು. ನಿಧಾನವಾಗಿ ಯೋಚನೆ ಮಾಡಿ ಹೇಳಿ."

ಅಂಗಡಿಯವನು ನಿಧಾನವಾಗಿ ಯೋಚಿಸಲಿಲ್ಲ. ಬಹಳ ಬೇಗ ಯೋಚಿಸಿದ. "ಬಂದಿರತ್ತೆ ಸಾರ್. ಒಂದೊಂದ್ಸಲ ಫ್ರೀ ಅಂದ್ರೆ ಫ್ರೀನೇ."

ಅಲ್ಲಿಗೆ ಆ ಕೋಣೆಯಲ್ಲಿ ನಿಜ ತಿಳಿದಿದ್ದವರಲ್ಲಿ ಒಬ್ಬ ಕಡಿಮೆಯಾದ. ಮೂಲೆಯಲ್ಲಿ ಕೂತಿದ್ದ ಮ್ಯಾನೇಜರ್ ತನ್ನ ಡಿಗ್ರಿಯ ಸಮೇತ ಫೋನಿನೊಳಗೆ ಇನ್ನಷ್ಟು ಆಳಕ್ಕೆ ಇಳಿದ.

"ನೀವೇನ್ರೀ ಸ್ಟೋರಿನವರು?" ಅಧಿಕಾರಿಯ ಪೆನ್ನು ಗೊತ್ತಪ್ಪನ ಕಡೆ ತಿರುಗಿತು. "ನೀವು ಹೇಳಿದ್ದನ್ನೇ ಬರ್ಕೋತೀನಿ. ಪೌಡರ್ ಬಂದಿತ್ತೋ, ಇಲ್ವೋ? ಬಂದಿಲ್ಲ ಅಂದ್ರೆ ಫ್ರೀ ಅಂದ್ರೆ ಇಲ್ಲ ಅಂತಾಯ್ತು, ಈ ಕಾರ್ಖಾನೆಗೆ ಇವತ್ತೇ ಬೀಗ. ಬಂದಿತ್ತು ಅಂದ್ರೆ ಅದೆಲ್ಲಿ ಹೋಯ್ತು ಅನ್ನೋದು ನಿಮ್ಮ ನಿಮ್ಮ ವಿಷಯ."

ಮಾಲೀಕರು ಗೊತ್ತಪ್ಪನ ಹೆಗಲ ಮೇಲೆ ಕೈ ಹಾಕಿ, ಅವನ ಕಿವಿಗೆ ಬಾಯಿಟ್ಟರು. ಆ ಹೆಗಲನ್ನು ಅವರು ಮುಟ್ಟಿದ್ದು ಅದೇ ಮೊದಲು. "ಬಂದಿತ್ತು ಅನ್ನೋ. ನಾನೇ ಮನೆಗೆ ಒಯ್ದೆ ಅನ್ನು. ಹೇಗೂ ನಿಮ್ಮತ್ತೇನೇ ಹೇಳಿಯಾಗಿದೆಯಲ್ಲ. ಕಳ್ಳತನ ಅಂತ ಬರೆಸಲ್ಲ, ಕೈ ತಪ್ಪು ಅಂತ ಬರೆಸ್ತೀನಿ. ಸಾಯೋವರೆಗೂ ಸ್ಟೋರು ನಿನ್ನದೇ."

"ಒಪ್ಕೊಂಡು ಬಿಡು ಗೊತ್ತಪ್ಪಾ," ಎಂದಳು ದೊಡ್ಡಕ್ಕ. ಕಾರ್ಖಾನೆಗೆ ಬೀಗ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅವಳ ದನಿ ಬೆಣ್ಣೆಯಾಗಿತ್ತು. "ಪೌಡರ್ ತಾನೆ? ಹೋಗ್ಲಿ ಬಿಡು. ನಾವೇನೂ ಮನಸ್ಸಲ್ಲಿ ಇಟ್ಕೊಳ್ಳಲ್ಲ."

"ನನ್ನ ಪಾಲಿನ ಎರಡು ಡಬ್ಬೀನೂ ನಿನಗೇ ಮಾಫಿ," ಎಂದ ಮೇಸ್ತ್ರಿ, ಉದಾರವಾಗಿ.

ಇಷ್ಟು ಜನ ಒಟ್ಟಾಗಿ ಒಬ್ಬನನ್ನು ಕ್ಷಮಿಸಲು ನಿಂತದ್ದನ್ನು ಆ ಕಾರ್ಖಾನೆ ಎಂದೂ ಕಂಡಿರಲಿಲ್ಲ. ಅವನು ಮಾಡಬೇಕಾಗಿದ್ದುದು ಒಂದೇ ಸಣ್ಣ ಕೆಲಸ. ಮಾಡದ ತಪ್ಪನ್ನು ಮಾಡಿದೆ ಎನ್ನುವುದು.

"ಹೇಳ್ರೀ," ಎಂದರು ಅಧಿಕಾರಿ.

"ಹೇಳೋ," ಎಂದರು ಮಾಲೀಕರು.

ಗೊತ್ತಪ್ಪ ಮಾಲೀಕರ ಕೈಯನ್ನು, ಯಾರದೋ ಮರೆತುಹೋದ ಟವೆಲನ್ನು ತೆಗೆದಿಡುವಂತೆ, ತನ್ನ ಹೆಗಲಿಂದ ತೆಗೆದು ಮೇಜಿನ ಮೇಲಿಟ್ಟ. ಹೆಂಗಸರು ಸರಿದು ದಾರಿ ಬಿಟ್ಟರು. ಬಾಗಿಲ ಹೊರಗೆ ಬಿಟ್ಟಿದ್ದ ಚಪ್ಪಲಿಗಳ ರಾಶಿಯಲ್ಲಿ ತನ್ನವನ್ನು ಕಾಲಿನಿಂದಲೇ ಹುಡುಕಿ ಮೆಟ್ಟಿಕೊಂಡ.

"ಏಯ್! ಎಲ್ಲಿಗೋ? ಬಂದಿತ್ತು ಅಂತ ಒಂದು ಮಾತು ಹೇಳಿ ಹೋಗೋ!"

"ರೀ ಮಿಸ್ಟರ್! ನಿಮ್ಮನ್ನೇ ಕೇಳ್ತಿರೋದು!"

ಅವನು ಓವನ್ನುಗಳ ಬಿಸಿ ದಾಟಿದ. ಖಾಲಿ ನಿಂತ ಪ್ಯಾಕಿಂಗ್ ಮೇಜುಗಳನ್ನು ದಾಟಿದ. ಗೇಟಿನಲ್ಲಿ ಕಾವಲುಗಾರ ಸ್ಟೂಲಿನಿಂದ ಅರ್ಧ ಎದ್ದು, "ಏನಣ್ಣಾ, ಇಷ್ಟು ಬೇಗ? ಯಾರು ಅದು ಒಳಗೆ ಹಾಗೆ ಕಿರಚ್ತಿರೋದು?" ಎಂದ.

ಗೊತ್ತಪ್ಪ ರಸ್ತೆಯ ಎರಡೂ ಕಡೆ ನೋಡಿ, ಒಂದು ಲಾರಿಗೆ ದಾರಿ ಬಿಟ್ಟು, ಆಚೆ ಬದಿಗೆ ದಾಟಿ ನಡೆದ.